ಇಲಿಯ ಹೃದಯ ನೋಡುತ್ತಿದ್ದ ಮೇಡಂ

ಮೈಕ್ರೋಸ್ಕೋಪಿನಿಂದ ಮುಖ ಎತ್ತಿದಾಗ ಮೇಡಂ ಅವರ ಎರಡೂ ಕಣ್ಣುಗಳ ಸುತ್ತ ಕೆಂಪು ಉಂಗುರ ಮೂಡಿರುತ್ತಿತ್ತು. ಕನ್ನಡಕ ತೆಗೆದಿಟ್ಟು, ಕಣ್ಣನ್ನು ಕೊಳವೆಗೆ ಒತ್ತಿ ಹಿಡಿದು ಗಂಟೆಗಟ್ಟಲೆ ಕೂರುವುದು ಅವರ ಅಭ್ಯಾಸ. ಹಾಗೆ ಒತ್ತಿದರೆ ಹೆಚ್ಚೇನೂ ಕಾಣುವುದಿಲ್ಲ ಎಂದು ಪಾಠ ಮಾಡುವಾಗ ಅವರೇ ಹೇಳುತ್ತಿದ್ದರು, ತಾವು ಮಾತ್ರ ಒತ್ತುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಅದೇ ಉಂಗುರಗಳನ್ನು ಹೊತ್ತುಕೊಂಡು ಕಾರಿಡಾರಿನಲ್ಲಿ ನಡೆದರೆ, ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಇವರು ಎಲ್ಲೋ ಅತ್ತು ಬಂದಿದ್ದಾರೆ ಎಂದುಕೊಂಡು ದಾರಿ ಬಿಡುತ್ತಿದ್ದರು. ಅವರೊಂದಿಗೆ ಅಷ್ಟು ವರ್ಷ ಕೆಲಸ ಮಾಡಿದ ನಾನು ಅವರು ಅತ್ತದ್ದನ್ನು ಒಮ್ಮೆಯೂ ನೋಡಲಿಲ್ಲ. ಬೈದದ್ದನ್ನು ಬೇಕಾದಷ್ಟು ನೋಡಿದ್ದೇನೆ, ಅದರಲ್ಲಿ ಹೆಚ್ಚಿನದು ನನಗೇ ಬಿದ್ದದ್ದು.

ನಾನು ಅವರ ಕೈಕೆಳಗೆ ಸೇರಿದ್ದು ಎಂ.ಎಸ್ಸಿ. ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ. ಮಣಿಪಾಲದ ಎತ್ತರದ ಕಟ್ಟಡಗಳಿಗೆ ಗಾರೆ ಕಲಸಲು ಬಾಗಲಕೋಟೆ ಕಡೆಯಿಂದ ಬಂದ ಅಪ್ಪ ಅವ್ವನ ಮಗಳು ನಾನು. ಆದಿ ಉಡುಪಿಯ ಮಾರುಕಟ್ಟೆ ಪ್ರಾಂಗಣದ ಹಿಂದೆ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಬೆಳೆದವಳು. ಅಲ್ಲಿ ಧಾನ್ಯದ ಮೂಟೆಗಳಿದ್ದವು, ಮೂಟೆಗಳಿದ್ದಲ್ಲಿ ಇಲಿಗಳು, ಇಲಿಗಳಿದ್ದಲ್ಲಿ ನಾವು. ಸಂದರ್ಶನದಲ್ಲಿ ಮೇಡಂ ಕೇಳಿದ ಮೊದಲ ಪ್ರಶ್ನೆ, "ಇಲಿ ಕಂಡ್ರೆ ಹೆದರಿಕೆ ಉಂಟಾ?" ಎಂದು. "ಇಲಿಗೇ ನಮ್ಮನ್ನು ಕಂಡರೆ ಹೆದರಿಕೆ ಇರಲಿಲ್ಲ ಮೇಡಂ" ಎಂದೆ. ಅವರು ನಗಲಿಲ್ಲ. ಮರುದಿನ ಬರಲು ಹೇಳಿದರು. ಮನೆಗೆ ಹೋಗಿ ಸುದ್ದಿ ಹೇಳಿದಾಗ ಅವ್ವ ಒಲೆ ಊದುವುದನ್ನು ನಿಲ್ಲಿಸಿ, "ಇಲಿ ಹಿಡಿಯಾಕ ಇಷ್ಟು ಓದಬೇಕಾತೇನ ನೀನು? ನಾ ಪುಗಸಟ್ಟೆ ಹಿಡೀತಿದ್ನಲ್ಲ" ಎಂದಳು.

ಮೇಡಂ ಪ್ಯಾಥಾಲಜಿ ಡಾಕ್ಟರು. ಅಂದರೆ ಜೀವಂತ ರೋಗಿಯನ್ನು ನೋಡುವವರಲ್ಲ, ರೋಗಿಯ ಮೈಯಿಂದ ತೆಗೆದ ಚೂರನ್ನು ಗಾಜಿನ ಮೇಲೆ ನೋಡಿ ಇದು ಇಂಥದ್ದು ಎಂದು ಹೇಳುವವರು. ಸತ್ತವರನ್ನು ಕೊಯ್ದು ಕಾರಣ ಹುಡುಕುವ ಕೆಲಸವೂ ಅವರದೇ. ಊರಿನ ಎಷ್ಟೋ ಮನೆಗಳ ಕೆಟ್ಟ ಸುದ್ದಿ ಮೊದಲು ಗೊತ್ತಾದದ್ದು ಅವರಿಗೆ. ನಿವೃತ್ತಿಗೆ ಕೆಲವು ವರ್ಷ ಉಳಿದಿದ್ದಾಗ ಅವರು ಇದ್ದಕ್ಕಿದ್ದಂತೆ ಕಾಡಿನ, ಗದ್ದೆಯ ಇಲಿಗಳ ಹಿಂದೆ ಬಿದ್ದರು. ಜೊತೆಯವರಿಗೆ ಇದು ತಮಾಷೆಯಾಗಿ ಕಂಡಿತ್ತು. ಕಾಪು, ಇನ್ನಂಜೆ, ಕಾರ್ಕಳದ ಕಡೆಯ ಗದ್ದೆಗಳಲ್ಲಿ ನಾವು ಬೋನು ಇಡುತ್ತಿದ್ದೆವು. ಬೋನಿನೊಳಗೆ ಸುಟ್ಟ ಕೊಬ್ಬರಿಯ ಚೂರು ಮತ್ತು ಒಣ ಸಿಗಡಿ. ಮೇಡಂ ಅವರ ಬಿಳಿ ಕಾರಿಗೆ ಆ ಸಿಗಡಿಯ ವಾಸನೆ ಎಷ್ಟು ಹಿಡಿದಿತ್ತೆಂದರೆ, ಅವರ ಕಾರು ನಿಲ್ಲುವ ಜಾಗದಲ್ಲಿ ಎರಡು ಬೆಕ್ಕುಗಳು ಕಾಯಂ ಆಗಿ ಕೂತಿರುತ್ತಿದ್ದವು. ಗಾಡಿ ತೊಳೆಸಿ ಮೇಡಂ ಎಂದರೆ, "ಪಾಪ, ಅವುಕ್ಕೂ ಒಂದು ಆಸೆ ಇರಲಿ ಮಾರಾಯ್ತಿ" ಎನ್ನುತ್ತಿದ್ದರು.

ನಾವು ಹುಡುಕುತ್ತಿದ್ದದ್ದು ಒಂದು ಪರಾವಲಂಬಿಯನ್ನು. ಕಣ್ಣಿಗೆ ಕಾಣದ ಜೀವಿ ಅದು. ಹಾವಿನ ಹೊಟ್ಟೆಯಲ್ಲಿ ಅದರ ಅರ್ಧ ಬದುಕು, ಇಲಿಯ ಮೈಯಲ್ಲಿ ಇನ್ನರ್ಧ. ಹಾವಿನ ಹಿಕ್ಕೆ ಬಿದ್ದ ನೆಲದಲ್ಲಿ ಇಲಿ ಏನಾದರೂ ತಿಂದರೆ ಅದು ಇಲಿಯೊಳಗೆ ಸೇರುತ್ತದೆ, ಸ್ನಾಯುಗಳಲ್ಲಿ ಸಣ್ಣ ಸಣ್ಣ ಚೀಲ ಕಟ್ಟಿಕೊಂಡು ಕೂರುತ್ತದೆ, ಆ ಇಲಿಯನ್ನು ಹಾವು ನುಂಗುವವರೆಗೆ. ಅದು ಕೂತಲ್ಲಿ ಇಲಿಯ ಮಾಂಸ ಊದಿಕೊಳ್ಳುತ್ತದೆಯೇ, ಹೃದಯಕ್ಕೂ ಉರಿಯೂತ ಬರುತ್ತದೆಯೇ ಎಂಬುದು ನಮ್ಮ ಕೆಲಸದ ಪ್ರಶ್ನೆ. ಇಂಥ ಜೀವಿಗಳು ಅಪರೂಪಕ್ಕೆ ಮನುಷ್ಯನ ಮೈಯಲ್ಲೂ ಸೇರಿಕೊಳ್ಳುವುದುಂಟು ಎಂದು ಮೇಡಂ ಒಂದು ಸಲ ಹೇಳಿದ್ದರು. ನಾನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಇಲಿಯ ಹೃದಯ ಎಷ್ಟು ದೊಡ್ಡದು ಎಂದು ಈಗಲೂ ಕೆಲವರು ಕೇಳುತ್ತಾರೆ. ಗದ್ದೆಯ ಇಲಿಯದು ನೆನೆಸಿದ ಕಡಲೆಯಷ್ಟು, ಹೆಗ್ಗಣದ್ದು ಸ್ವಲ್ಪ ದೊಡ್ಡದು. ಮತ್ತಿನ ಮದ್ದು ಕೊಡುವ ಮೊದಲು ಮೇಡಂ ಬೋನಿನ ಹತ್ತಿರ ಬಗ್ಗಿ ಒಳಗಿನ ಇಲಿಗೆ ತುಳುವಿನಲ್ಲಿ ಏನೋ ಹೇಳುತ್ತಿದ್ದರು. ಏನು ಎಂದು ಕೇಳಿದರೆ, "ನಿನಗೆ ಯಾಕೆ? ನಮ್ಮೊಳಗಿನ ಮಾತು" ಎನ್ನುತ್ತಿದ್ದರು. ಆಮೇಲೆ ಕೈ ನಡುಗದೆ ಕೆಲಸ. ಹೃದಯವನ್ನು ಒಂದು ಕಡೆ, ಕಾಲಿನ ಮತ್ತು ನಾಲಿಗೆಯ ಮಾಂಸವನ್ನು ಇನ್ನೊಂದು ಕಡೆ ಇಡುವುದು. ಅವುಗಳಿಂದ ಎಳೆಯಷ್ಟು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸುವುದು.

ಅವರು ಒಂದು ಕಟ್ಟಳೆ ಮಾಡಿದ್ದರು. ಯಾವ ಇಲಿಯಲ್ಲಿ ಪರಾವಲಂಬಿ ಇದೆ, ಯಾವುದರಲ್ಲಿ ಇಲ್ಲ ಎಂದು ಬೇರೊಂದು ಪರೀಕ್ಷೆಯಿಂದ ಪತ್ತೆ ಮಾಡುವವಳು ನಾನು. ಇದ್ದರೆ ಗಾಜಿನ ತುದಿಗೆ ಕೆಂಪು ಚುಕ್ಕೆ, ಇಲ್ಲದಿದ್ದರೆ ನೀಲಿ ಚುಕ್ಕೆ ಇಟ್ಟು, ಅದರ ಮೇಲೆ ಆಸ್ಪತ್ರೆಯ ಬಿಳಿ ಪಟ್ಟಿ ಅಂಟಿಸಿ ಮುಚ್ಚಬೇಕು. ಹಾಗೆ ಕಣ್ಣು ಕಟ್ಟಿದ ಗಾಜುಗಳನ್ನು ಕಲಸಿ ಅವರ ಮುಂದಿಡಬೇಕು. ಅವರು ನೋಡಿ, ಉರಿಯೂತ ಇದೆ, ಇಲ್ಲ ಎಂದು ಬೇರೆ ಬೇರೆ ತಟ್ಟೆಗಳಿಗೆ ಹಾಕುತ್ತಾರೆ. ಎಲ್ಲ ಮುಗಿಯುವವರೆಗೆ ಪಟ್ಟಿ ತೆಗೆಯುವ ಹಾಗಿಲ್ಲ. ಇಷ್ಟು ವರ್ಷ ನೋಡಿದ ಕಣ್ಣಿಗೆ ಈ ನಾಟಕ ಯಾಕೆ ಎಂದು ನಾನು ಮುಖ ಗಂಟಿಕ್ಕಿದೆ.

"ನನಗೆ ಬೇಕಾದದ್ದನ್ನು ನಾನು ಕಂಡುಬಿಡ್ತೇನೆ, ಅದಕ್ಕೆ" ಎಂದರು. "ಎಲ್ಲರೂ ಕಾಣ್ತಾರೆ. ಸ್ಲೈಡ್ ಎಂತ ಹೇಳ್ತದೆ, ಅದನ್ನು ಮಾತ್ರ ಬರಿ. ನಿನ್ನ ಆಸೆ ಬರೀಲಿಕ್ಕೆ ಬೇರೆ ಪುಸ್ತಕ ಇಟ್ಕೋ."

ಅವರಿಗೆ ಬೇಕಾದದ್ದು ಏನು ಎಂದು ನನಗೆ ತಿಳಿದದ್ದು ಇನ್ನಂಜೆಯಲ್ಲಿ. ಅಲ್ಲಿ ಅವರ ಗಂಡನ ಮನೆತನದ ಗದ್ದೆ ಇತ್ತು. ಅತ್ತೆ ಹಿರಿಮಗನ ಸಂಸಾರದೊಂದಿಗೆ ಅಲ್ಲೇ ಇದ್ದರು. ಗದ್ದೆಯ ಆ ತುದಿಗೆ ಮನೆಯವರ ನಾಗಬನ, ಹಳೆಯ ಮರಗಳ ನಡುವೆ ನಾಗನ ಕಲ್ಲುಗಳಿರುವ ಜಾಗ. ನಾವು ಬೋನುಗಳನ್ನು ಹೊತ್ತು ಅತ್ತ ಹೋಗುತ್ತಿದ್ದಂತೆ ಅತ್ತೆ ಜಗಲಿಯಿಂದಲೇ ಕೂಗಿದರು. "ಬನದ ಹತ್ತಿರ ಇಡಬೇಡ! ಅಲ್ಲಿನದ್ದು ನಾಗನ ಪಾಲು. ಅವನ ಬಾಯಿಯದ್ದು ಕಸ್ಕೊಂಡು ಒಮ್ಮೆ ಅನುಭವಿಸಿದ್ದು ಸಾಕಾಗ್ಲಿಲ್ವಾ?"

ಮೇಡಂ ಬೋನುಗಳನ್ನು ಹಿಂದಕ್ಕೆ ತಂದು ದೂರದ ಬದುವಿನ ಮೇಲೆ ಇಟ್ಟರು. ನನಗೆ ಸಿಟ್ಟು ಬಂತು. ಹಾವು ಇರುವ ಜಾಗದ ಇಲಿಗಳೇ ನಮಗೆ ಮುಖ್ಯ, ಹೀಗೆ ಯಾರೋ ಕೂಗಿದರೆ ಬಿಟ್ಟು ಬರುವುದೇ ಎಂದು ವಾಪಸು ಬರುವಾಗ ಕಾರಿನಲ್ಲಿ ಗೊಣಗಿದೆ. ಮೇಡಂ ಹೆದ್ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡೇ ಹೇಳಿದರು.

ಅವರಿಗೆ ಒಬ್ಬಳು ಮಗಳಿದ್ದಳು. ಪಿಯುಸಿ ಓದುತ್ತಿದ್ದಳು. ರಜೆಗೆ ಇನ್ನಂಜೆಗೆ ಹೋಗಿ ಅಜ್ಜಿಯ ಜೊತೆ ಇದ್ದು ಬಂದಳು. ಬನದ ಅಂಚಿನಲ್ಲಿ ಒಂದು ಪೇರಳೆ ಮರ ಇತ್ತು, ಉದುರಿದ ಹಣ್ಣನ್ನು ಹೆಕ್ಕಿ ಲಂಗಕ್ಕೆ ಒರೆಸಿಕೊಂಡು ತಿನ್ನುವುದು ಅವಳ ರೂಢಿ. ಬಂದ ಮೇಲೆ ಜ್ವರ. ಕಾಲು ನೋವು, ಎದ್ದು ನಿಲ್ಲಲಾಗದಷ್ಟು ನೋವು. ಆಟ ಆಡಿ ಬಂದದ್ದು ಎಂದುಕೊಂಡು ಮೇಡಂ ಜ್ವರದ ಮಾತ್ರೆ ಕೊಟ್ಟು ಕೆಲಸಕ್ಕೆ ಹೋದರು. ನೋವು ಕಡಿಮೆಯಾಯಿತು ಅನ್ನುವಷ್ಟರಲ್ಲಿ ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಸೇರಿಸಿದಾಗ ಹೃದಯದ ಮಾಂಸಕ್ಕೆ ಉರಿಯೂತ ಬಂದಿದೆ ಎಂದರು. ಯಾವುದರಿಂದ ಎಂದು ಹೇಳಲು ಯಾರಿಗೂ ಸಮಯ ಸಿಗಲಿಲ್ಲ.

"ಪೋಸ್ಟ್‌ಮಾರ್ಟಂ ಮಾಡುವಾ ಅಂತ ಕೇಳಿದ್ರು" ಎಂದರು ಮೇಡಂ. "ನನ್ನ ಜೊತೆಯಲ್ಲಿ ಕೆಲಸ ಮಾಡುವವರೇ ಕೇಳಿದ್ದು. ನಾನು ಬೇಡ ಅಂದೆ. ಊರಿನವರ ಮಕ್ಕಳನ್ನೆಲ್ಲ ಕೊಯ್ದವಳು, ನನ್ನ ಮಗಳ ಸರದಿ ಬಂದಾಗ ಬೇಡ ಅಂದೆ. ಒಂದು ಚೂರು ಇಟ್ಕೊಂಡಿದ್ರೂ ಸಾಕಿತ್ತು, ಇವತ್ತು ನೋಡಬಹುದಿತ್ತು. ಈಗ ಇಲಿ ಕೊಯ್ತಾ ಇದ್ದೇನೆ."

ಲಾರಿಗಳು ಹಾದುಹೋಗುವಾಗ ಕಾರು ಅಲುಗಾಡುತ್ತಿತ್ತು. ಹಿಂದಿನ ಸೀಟಿನಲ್ಲಿ, ಬೆಳಿಗ್ಗೆ ಕಾಪುವಿನಲ್ಲಿ ಬಿದ್ದ ಒಂದು ಇಲಿ ಬೋನಿನ ತಂತಿ ಕಡಿಯುತ್ತಿತ್ತು.

ಮಗಳು ಹೋದ ಮೇಲೆ ಇನ್ನಂಜೆಯ ಮನೆಯವರು ಜ್ಯೋತಿಷಿಯನ್ನು ಕರೆಸಿ ಕವಡೆ ಹರಡಿ ಪ್ರಶ್ನೆ ಇಟ್ಟರಂತೆ. ಈ ಸೀಮೆಯಲ್ಲಿ ಎಳೆಯ ಸಾವು ಬಂದರೆ ಹಾಗೆ ಕೇಳುವುದು ಉಂಟು. ನಾಗನ ಅಸಮಾಧಾನ ಎಂದು ಉತ್ತರ ಬಂತು. ಮನೆಯವರು ಹೇಳಿದ ಪೂಜೆಗಳನ್ನೆಲ್ಲ ಮಾಡಿಸಿದರು, ಬನಕ್ಕೆ ಕಟ್ಟೆ ಕಟ್ಟಿಸಿದರು. ಅತ್ತೆಗೆ ನೆಮ್ಮದಿ ಸಿಕ್ಕಿತು. ಗಂಡನಿಗೂ ಸಿಕ್ಕಿರಬೇಕು ಎಂದು ಮೇಡಂ ತಿಳಿದಿದ್ದರು. "ಅವರಿಗೆ ಒಂದು ಉತ್ತರ ಉಂಟು. ಅದನ್ನು ನಾನು ಯಾಕೆ ತುಳಿಯಲಿ? ನನಗೆ ನನ್ನದು ಬೇಕು, ಅಷ್ಟೆ" ಎಂದರು. ಆಮೇಲೆ, "ತಮಾಷೆ ನೋಡು. ನಾನು ಹುಡುಕುವ ಉತ್ತರ ಸಿಕ್ಕಿದ್ರೆ ಅದೂ ಹಾವಿನ ಹತ್ತಿರವೇ ಹೋಗಿ ನಿಲ್ತದೆ. ಅತ್ತೆ ಮುಂದೆ ಯಾವ ಮುಖ ಹೊತ್ತು ಹೇಳುವುದು?" ಎಂದು ಕಾರನ್ನು ಗೇರಿಗೆ ಹಾಕಿದರು. ಅದು ತಮಾಷೆ ಎಂದು ನನಗೆ ಅನಿಸಲಿಲ್ಲ.

ಅಲ್ಲಿಂದ ಮುಂದೆ ನಾನು ಇಲಿಗಳನ್ನು ನೋಡುವ ರೀತಿಯೇ ಬದಲಾಯಿತು. ಬೋನಿನಲ್ಲಿ ಇಲಿ ಬಿದ್ದರೆ, ಇದರಲ್ಲಿ ಇರಲಪ್ಪಾ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಕಾಯಿಲೆ ಇರಲಿ ಎಂದು ಬೇಡಿಕೊಂಡ ಜನ್ಮಕ್ಕೆ ಇಲಿಗಳ ಶಾಪ ತಟ್ಟದೆ ಇರಲಿಕ್ಕಿಲ್ಲ. ಇಲಿಯಲ್ಲಿ ಆ ಜೀವಿ ಹೃದಯವನ್ನು ಕೆಡಿಸುತ್ತದೆ ಎಂದಾದರೂ, ಮಗಳಿಗೆ ಆದದ್ದು ಅದೇ ಎಂದು ಸಾಬೀತಾಗುವುದಿಲ್ಲ. ಅದು ಮೇಡಂ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕಾಲು ನೋವು, ಆಮೇಲೆ ಹೃದಯ ಎಂಬ ಆ ದಾರಿ ಒಂದು ಇಲಿಯೊಳಗಾದರೂ ಕಂಡರೆ ಸಾಕು ಎಂಬಷ್ಟಕ್ಕೆ ಅವರು ಬಂದಿದ್ದರು.

ಪಟ್ಟಿ ಕೀಳುವ ದಿನ ಬಂತು. ಬೆಳಿಗ್ಗೆ ಮೇಡಂ ತಲೆಗೆ ಮಲ್ಲಿಗೆ ಮುಡಿದು ಬಂದಿದ್ದರು. ಲ್ಯಾಬಿಗೆ ಅವರು ಹೂ ಮುಡಿದು ಬಂದದ್ದು ನಾನು ಕಂಡದ್ದು ಅದೊಂದೇ ದಿನ. ನಾಲ್ಕು ತಟ್ಟೆಗಳು ಮೇಜಿನ ಮೇಲಿದ್ದವು. ಎರಡರಲ್ಲಿ ಕಾಲಿನ ಮಾಂಸದ ಗಾಜುಗಳು, ಎರಡರಲ್ಲಿ ಹೃದಯದವು. ಉರಿಯೂತ ಇದ್ದವು ಬಲಕ್ಕೆ, ಇಲ್ಲದವು ಎಡಕ್ಕೆ. ಮೊದಲು ಮಾಂಸದ ತಟ್ಟೆಗಳನ್ನು ತೆಗೆದುಕೊಂಡೆ. ಉಗುರಿನಿಂದ ಪಟ್ಟಿ ಎಬ್ಬಿಸಿದೆ. ಕೆಂಪು. ಇನ್ನೊಂದು, ಕೆಂಪು. ಬಲದ ತಟ್ಟೆ ಹೆಚ್ಚುಕಡಿಮೆ ಪೂರ್ತಿ ಕೆಂಪು ಚುಕ್ಕೆ, ಎಡದ್ದು ನೀಲಿ. ಮೇಡಂ ಕುರ್ಚಿಯಿಂದ ಎದ್ದರು. ಕಿಟಕಿಯ ಹತ್ತಿರ ಹೋಗಿ ನಿಂತು ಬೆನ್ನು ಹಾಕಿದರು.

"ಹೃದಯದ್ದು ನೀನೇ ತೆಗಿ. ನಾನು ನೋಡುವುದಿಲ್ಲ. ಓದು" ಎಂದರು.

ಓದತೊಡಗಿದೆ. ಬಲದ ತಟ್ಟೆ. ಕೆಂಪು, ನೀಲಿ, ನೀಲಿ, ಕೆಂಪು. ಪರಾವಲಂಬಿಯೇ ಇಲ್ಲದ ಇಲಿಗಳ ಹೃದಯಗಳೂ ಅಷ್ಟೇ ಊದಿದ್ದವು. ಎಡದ ತಟ್ಟೆ. ಅಲ್ಲೂ ನೀಲಿಯಷ್ಟೇ ಕೆಂಪು. ಮೈಯೆಲ್ಲ ಚೀಲ ತುಂಬಿಕೊಂಡಿದ್ದ ಇಲಿಗಳ ಹೃದಯ ಒಂದು ಗಾಯವಿಲ್ಲದೆ ತಣ್ಣಗಿತ್ತು. ಕೊನೆಯ ಕೆಲವನ್ನು ಓದದೆ ತಟ್ಟೆಗೇ ವಾಪಸು ಇಟ್ಟೆ.

"ಓದು ಅಂದೆ ಅಲ್ವಾ?"

ಓದಿ ಮುಗಿಸಿದೆ. ಅವರು ಕಿಟಕಿಯ ಹತ್ತಿರವೇ ನಿಂತಿದ್ದರು. ಕೆಳಗೆ ರಸ್ತೆಯಲ್ಲಿ ಕಾಲೇಜಿನ ಮಕ್ಕಳು ನಗುತ್ತಾ ಹೋಗುವ ಸದ್ದು ಕೇಳುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಬಲದ ತಟ್ಟೆಯಲ್ಲಿ ಒಂದಷ್ಟು ಗಾಜುಗಳಲ್ಲಿ ಉರಿಯೂತ ಬಹಳ ಕಡಿಮೆ, ಎಡದ್ದರಲ್ಲಿ ಕೆಲವು ಅನುಮಾನದವು, ಇನ್ನೊಮ್ಮೆ ನೋಡಿದರೆ ಅತ್ತಿಂದಿತ್ತ ಆಗಬಹುದು ಎಂದೆ. ಸುಳ್ಳು ಹೇಳಿದ್ದಲ್ಲ, ಅಂಥವು ಯಾವಾಗಲೂ ಇರುತ್ತವೆ.

ಮೇಡಂ ತಿರುಗಿದರು. ಉಂಗುರಗಳಿಲ್ಲದ ಅವರ ಕಣ್ಣು ನನಗೆ ಬೇರೆ ಯಾರದೋ ಕಣ್ಣಿನ ಹಾಗೆ ಕಂಡಿತು. "ಚುಕ್ಕೆ ಕಂಡ ಮೇಲೆ ನೋಡಿದ್ರೆ ನಾನು ಸ್ಲೈಡ್ ನೋಡುವುದಿಲ್ಲ, ಮಗಳನ್ನು ನೋಡ್ತೇನೆ. ಬೇಡ. ಇದು ಇಷ್ಟೇ. ಸ್ನಾಯುವಿಗೆ ಹೌದು, ಹೃದಯಕ್ಕೆ ಇಲ್ಲ. ಬರಿ." ಆಮೇಲೆ ಮುಡಿಯ ಮಲ್ಲಿಗೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಚಹಾ ಕುಡಿಯಲು ಹೋಗುವ ಎಂದು ನನ್ನನ್ನು ಕರೆದುಕೊಂಡು ಹೋದರು. ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಕ್ಯಾಂಟೀನಿನವನ ಜೊತೆ ಜಗಳವನ್ನೂ ಮಾಡಿದರು.

ಹಾಗೇ ಬರೆದೆವು. ನನಗೆ ಡಾಕ್ಟರೇಟ್ ಸಿಕ್ಕಿದ್ದು ಅದೇ ಬರಹಕ್ಕೆ. ಅದರ ಮುಖ್ಯ ವಾಕ್ಯ, ಹೃದಯದ ಉರಿಯೂತಕ್ಕೂ ಈ ಪರಾವಲಂಬಿಗೂ ಸಂಬಂಧ ನಮಗೆ ಕಾಣಲಿಲ್ಲ ಎಂಬುದು. ಗದ್ದೆಯ ಇಲಿಗಳ ಹೃದಯ ಮತ್ಯಾವುದರಿಂದ ಊದುತ್ತದೆ ಎಂದು ಪರೀಕ್ಷಕರು ಕೇಳಿದಾಗ ಗೊತ್ತಿಲ್ಲ ಎಂದೆ. ಗೊತ್ತಿಲ್ಲದ್ದನ್ನು ತಲೆ ತಗ್ಗಿಸದೆ ಗೊತ್ತಿಲ್ಲ ಎನ್ನುವುದನ್ನು ನನಗೆ ಕಲಿಸಿದವರು ಹಿಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದರು. ಕಾರಿನ ಸಿಗಡಿ ವಾಸನೆ, ಬೈಗುಳ, ಕೊನೆಗೆ ಈ ಒಂದು ಮಾತು, ಇದಿಷ್ಟು ಅವರಿಂದ ನನಗೆ ಬಂದ ಆಸ್ತಿ.

ಅದೇ ವರ್ಷದ ಆಟಿ ತಿಂಗಳಲ್ಲಿ, ಆಷಾಢದ ಮಳೆಯ ನಡುವೆ, ಮೇಡಂ ಅವರ ಮಗಳ ಮದುವೆಯಾಯಿತು.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು, ನನಗೂ ಕಂಡಿತ್ತು. ಮದುವೆಯಾಗದೆ ಸತ್ತ ಮಕ್ಕಳಿಗೆ ವಯಸ್ಸು ಬಂದ ಕಾಲಕ್ಕೆ, ಹಾಗೆಯೇ ತೀರಿಹೋದ ಇನ್ನೊಂದು ಮನೆಯ ಹುಡುಗ ಅಥವಾ ಹುಡುಗಿಯನ್ನು ಹುಡುಕಿ ಮದುವೆ ಮಾಡಿಸುವ ಪದ್ಧತಿ ತುಳುನಾಡಿನಲ್ಲಿದೆ. ಅತ್ತೆಯ ಒತ್ತಾಯ. ಕಾರ್ಕಳದ ಹತ್ತಿರದ ಒಂದು ಮನೆಯ ಹುಡುಗ ಸಿಕ್ಕಿದ. ಜಾತಕ ನೋಡಿದರು, ಎರಡೂ ಕಡೆಯವರು ಹೋಗಿ ಬಂದು ಮಾತಾಡಿದರು, ಸೀರೆ ಆರಿಸಲು ಮೇಡಂ ನನ್ನನ್ನೇ ಉಡುಪಿಗೆ ಕರೆದುಕೊಂಡು ಹೋದರು. ಅಂಗಡಿಯವನು ಹುಡುಗಿಯ ಬಣ್ಣ ಹೇಗೆ ಎಂದು ಕೇಳಿದ. "ನನ್ನ ಹಾಗೆಯೇ, ಸ್ವಲ್ಪ ಕಪ್ಪು" ಎಂದು ಮೇಡಂ ತಮ್ಮ ಭುಜದ ಮೇಲೆ ಸೀರೆ ಹಾಕಿ ನೋಡಿಕೊಂಡರು. ಹಸಿರು ಸೀರೆ ಆಯಿತು.

ಮದುವೆ ಇನ್ನಂಜೆಯ ಮನೆಯಲ್ಲಿ. ಮದುವೆಯಾಗದವರು ಅದನ್ನು ನೋಡಬಾರದಂತೆ. ನನ್ನನ್ನು ಜಗಲಿಯ ಹೊರಗೆ ಕೂರಿಸಿದರು. "ಬೇಗ ಮದುವೆ ಆಗು, ಮುಂದಿನ ಸಲ ಒಳಗೆ ಬಿಡ್ತೇವೆ" ಎಂದು ಅತ್ತೆ ರೇಗಿಸಿ ಒಳಗೆ ಹೋದರು. ಒಳಗೆ ಎರಡು ಮಣೆಗಳು, ಒಂದರ ಮೇಲೆ ಆ ಹಸಿರು ಸೀರೆ ಮತ್ತು ಬಳೆ, ಇನ್ನೊಂದರ ಮೇಲೆ ಪಂಚೆ ಶಲ್ಯ ಇದ್ದವು ಎಂದು ಆಮೇಲೆ ಮೇಡಂ ಹೇಳಿದರು. ನನಗೆ ಕೇಳಿದ್ದು ಮಳೆಯ ಸದ್ದು ಮತ್ತು ಯಾರೋ ಹೆಂಗಸು ಬಿಕ್ಕುವುದು. ಅದು ಮೇಡಂ ಆಗಿರಲಿಲ್ಲ. ಹುಡುಗನ ತಾಯಿ.

ಊಟಕ್ಕೆ ನನ್ನನ್ನು ಒಳಗೆ ಕರೆದರು. ಹುಡುಗನ ತಾಯಿ ಮೇಡಂ ಅವರ ಪಕ್ಕದ ಎಲೆಗೇ ಕೂತಿದ್ದರು. ಎದುರು ಸಾಲಿನಲ್ಲಿ ಮೇಡಂ ಅವರ ಗಂಡ. ಕಾಪು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ, ಮಾತು ಬಹಳ ಕಡಿಮೆಯ ಮನುಷ್ಯ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಅವರು ನನಗೆ ಯಾವಾಗಲೂ ಹೇಳುತ್ತಿದ್ದದ್ದು "ಊಟ ಆಯ್ತಾ?" ಎಂಬುದೊಂದೇ ಮಾತು.

ಬಡಿಸಿದ್ದನ್ನು ಮುಟ್ಟದೆ ಹುಡುಗನ ತಾಯಿ ಕೇಳಿದರು. "ನೀವು ಡಾಕ್ಟ್ರು ಅಲ್ವಾ? ನಿಮ್ಮ ಹುಡುಗಿಗೆ ಎಂತ ಆದದ್ದು ಅಂತ ನಿಮಗೆ ಗೊತ್ತಿರ್ಬೇಕು. ನಮ್ಮವನಿಗೆ ಎಂತ ಆಯ್ತು ಅಂತ ನಮಗೆ ಯಾರೂ ಹೇಳ್ಲಿಲ್ಲ. ಮಲಗಿದಲ್ಲೇ ಹೋದ."

"ಇಲ್ಲ ಅಕ್ಕ, ಗೊತ್ತಿಲ್ಲ" ಎಂದರು ಮೇಡಂ. "ಹೃದಯ ಊದಿತ್ತು. ಯಾಕೆ ಅಂತ ತುಂಬ ಹುಡುಕಿದೆ. ಸಿಗಲಿಲ್ಲ. ಆವತ್ತು ಪೋಸ್ಟ್‌ಮಾರ್ಟಂ ಮಾಡಿಸಬಹುದಿತ್ತು, ನಾನೇ ಬೇಡ ಅಂದೆ."

"ನೀವೇ?" ಎಂದರು ಆ ಹೆಂಗಸು. ಕೇಳಿದ್ದು ಅಷ್ಟೇ ಆದರೂ ಸುತ್ತ ಕೂತವರ ಕೈಗಳು ಎಲೆಯ ಮೇಲೆ ನಿಂತವು.

"ಹೌದು, ನಾನೇ. ತಾಯಿ ಅಲ್ವಾ, ಧೈರ್ಯ ಬರಲಿಲ್ಲ" ಎಂದು ಮೇಡಂ ಆ ತಾಯಿಯ ಎಲೆಗೆ ಅನ್ನ ಬಡಿಸಲು ಹೇಳಿದರು. ಅಂಕಲ್ ತಲೆ ಬಗ್ಗಿಸಿ ಉಪ್ಪಿನಕಾಯಿಯನ್ನು ಬೆರಳಿನಿಂದ ಅತ್ತಿಂದಿತ್ತ ಸರಿಸುತ್ತಿದ್ದರು. ಅತ್ತೆ ಕೈ ತೊಳೆಯಲು ಎದ್ದರು. ಆ ಮಾತು ಆ ಮನೆಯಲ್ಲಿ ಮೊದಲ ಸಲ ಆದದ್ದಲ್ಲ ಎಂದು ಎಲ್ಲರ ಮುಖ ನೋಡಿದರೆ ತಿಳಿಯುತ್ತಿತ್ತು. ಡಾಕ್ಟರಾಗಿಯೂ ಮಗಳ ವಿಷಯದಲ್ಲಿ ಹೀಗೆ ಮಾಡಿದಳಲ್ಲ ಎಂದು ನೆಂಟರು ಅವರ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದದ್ದು ನನಗೂ ಗೊತ್ತಿತ್ತು.

ನಿವೃತ್ತಿಯ ನಂತರ ಮೇಡಂ ಉಡುಪಿ ಪಕ್ಕದ ಅಂಬಲಪಾಡಿಯ ತಮ್ಮ ಮನೆಯಲ್ಲೇ ಹೆಚ್ಚು ಇರುತ್ತಿದ್ದರು. ಮೈಕ್ರೋಸ್ಕೋಪ್ ಇಲ್ಲದ ಮುಖ ತೆಳ್ಳಗಾಗಿತ್ತು. ನಾನು ಹೋದಾಗ ಹೊಸ ವಿದ್ಯಾರ್ಥಿಗಳ ಬಗ್ಗೆ ಕೇಳುತ್ತಿದ್ದರು. ಪಟ್ಟಿ ಅಂಟಿಸ್ತಾರಾ, ಮೋಸ ಮಾಡ್ತಾರಾ ಎಂದು ವಿಚಾರಿಸುತ್ತಿದ್ದರು. ಇಲಿಯ ಮಾತು ತಾವಾಗಿ ಎತ್ತುತ್ತಿರಲಿಲ್ಲ. ಒಮ್ಮೆ ಮಾತ್ರ, ಅಂಗಳದಲ್ಲಿ ಬಟ್ಟೆ ಮಡಚುತ್ತಾ, "ಇಲ್ಲ ಅಂತ ಗೊತ್ತಾದ ಮೇಲೆ ಹಗುರ ಆಗ್ಬೇಕಿತ್ತು ಅಲ್ವಾ? ಆಗ್ಲಿಲ್ಲ ಮಾರಾಯ್ತಿ" ಎಂದರು.

ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದವರು ಕುರ್ಚಿಯಲ್ಲಿ ಕೂತರು, ಏಳಲಿಲ್ಲ. ಆಸ್ಪತ್ರೆ ಮುಟ್ಟುವಾಗಲೇ ಆಗಿಹೋಗಿತ್ತು. ಸುದ್ದಿ ಕೇಳಿ ನಾನು ಓಡಿದೆ. ವಯಸ್ಸು, ಬಿ.ಪಿ. ಎಲ್ಲ ನೋಡಿ ಡಾಕ್ಟರು ದೇಹವನ್ನು ಮನೆಗೆ ಕಳಿಸಲು ತಯಾರಿದ್ದರು. ನೆಂಟರು ಗಾಡಿ ತರಿಸಿದ್ದರು. ಆಗ ಅಂಕಲ್, ಆ ಮಾತಿಲ್ಲದ ಮನುಷ್ಯ, ಡಾಕ್ಟರ ಮುಂದೆ ಹೋಗಿ ನಿಂತು, "ಪೋಸ್ಟ್‌ಮಾರ್ಟಂ ಮಾಡಿ. ಎಂತ ಆಯ್ತು ಅಂತ ನೋಡಬೇಕು" ಎಂದರು. ಇನ್ನಂಜೆಯಿಂದ ಬಂದ ಅವರ ಅಣ್ಣ ತೋಳು ಹಿಡಿದು, ಎಂತಕ್ಕೆ ಇದೆಲ್ಲ, ಸುಮ್ಮನಿರು ಎಂದರು. ಅಂಕಲ್ ತೋಳು ಬಿಡಿಸಿಕೊಂಡರು. "ಮಾಡಿ" ಎಂದು ಇನ್ನೊಮ್ಮೆ ಹೇಳಿ ಸಹಿ ಹಾಕಿದರು. ಸಹಿ ಹಾಕಿದ ಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು.

ಉತ್ತರಕ್ರಿಯೆ ಕಳೆದ ಮೇಲೆ ವರದಿ ಬಂತು. ಅಂಕಲ್ ಫೋನು ಮಾಡಿ, ಓದಿ ಹೇಳು ಎಂದು ಕರೆದರು. ಅಂಬಲಪಾಡಿಯ ಮನೆಯಲ್ಲಿ ಹಗಲಿನಲ್ಲೂ ಮುಂದಿನ ಬಾಗಿಲು ಮುಚ್ಚಿತ್ತು. ಊಟದ ಮೇಜಿನ ಹತ್ತಿರ ಕೂತು ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಹೃದಯಕ್ಕೆ ರಕ್ತ ಕೊಡುವ ದೊಡ್ಡ ನಾಳ ಕಟ್ಟಿತ್ತು. ಉರಿಯೂತ ಇರಲಿಲ್ಲ. ಬೇರೆ ಏನೂ ಇರಲಿಲ್ಲ. ಹೆಚ್ಚು ನೋವು ಅನುಭವಿಸಿರಲಿಕ್ಕಿಲ್ಲ ಎಂದೂ ಹೇಳಿದೆ. ಅದು ವರದಿಯಲ್ಲಿರಲಿಲ್ಲ, ಅಷ್ಟು ಆಸೆಯನ್ನು ಮೇಡಂ ಕ್ಷಮಿಸುತ್ತಾರೆ ಎಂದುಕೊಂಡೆ.

ಅಂಕಲ್ ತಲೆಯಾಡಿಸುತ್ತಾ ಕೇಳಿದರು. ಆಮೇಲೆ, "ಮಗಳದ್ದೂ ಹೀಗೆ ಗೊತ್ತಾಗ್ತಿತ್ತಾ, ಆವತ್ತು ಮಾಡಿಸಿದ್ರೆ?" ಎಂದು ಕೇಳಿದರು.

ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. "ಗೊತ್ತಾಗಬಹುದಿತ್ತು ಅಂಕಲ್. ಖಂಡಿತ ಅಂತ ಹೇಳಲಾರೆ. ಆದರೆ ನೋಡಲಿಕ್ಕೆ ಇರುತ್ತಿತ್ತು."

ಅವರು ವರದಿಯನ್ನು ತಮ್ಮ ಕಡೆಗೆ ಎಳೆದುಕೊಂಡು, ಅಂಗೈಯಿಂದ ಅದರ ಮಡಿಕೆಗಳನ್ನು ಸರಿಮಾಡಿದರು.

"ಆವತ್ತು ಬೇಡ ಅಂದದ್ದು ಅವಳಲ್ಲ" ಎಂದರು. "ಅವಳು ಸಹಿ ಹಾಕ್ಲಿಕ್ಕೆ ಪೆನ್ನು ತೆಗೆದಿದ್ಲು. ನಾನು ಕೈ ಹಿಡ್ಕೊಂಡೆ. ನನ್ನ ಮಗಳನ್ನು ಮುಟ್ಟಿದ್ರೆ ನಾನು ಇಲ್ಲೇ ತಲೆ ಒಡ್ಕೊಂಡು ಸಾಯ್ತೇನೆ ಅಂದೆ. ಅವಳು ಪೆನ್ನು ಕೆಳಗಿಟ್ಲು. ಆಮೇಲೆ ಯಾರು ಕೇಳಿದ್ರೂ, ಅಮ್ಮ ಕೇಳಿದ್ರೂ, ನಾನೇ ಬೇಡ ಅಂದದ್ದು ಅಂತ ಹೇಳಿದ್ಲು. ಹಾಗೆ ಹೇಳ್ಬೇಡ ಅಂತ ನಾನು ಒಂದು ದಿನ ಆದ್ರೂ ಹೇಳ್ಬೇಕಿತ್ತು."

ಗಾಜಿನ ಮೇಲೆ ಇಲ್ಲದ್ದನ್ನು ಒಂದಕ್ಷರ ಬರೆಯದಿದ್ದ ಹೆಂಗಸು, ತನ್ನ ಆಸೆಗೆ ತಾನೇ ಪಟ್ಟಿ ಕಟ್ಟಿಕೊಂಡು ಕೂತ ಹೆಂಗಸು, ಇದೊಂದು ಸುಳ್ಳನ್ನು ಜೀವನಪೂರ್ತಿ ಹೇಳಿಕೊಂಡು ಬಂದಿದ್ದರು. ಹೆದ್ದಾರಿಯ ಬದಿಯಲ್ಲಿ ನನಗೂ ಅದನ್ನೇ ಹೇಳಿದ್ದರು.

"ನನ್ನ ಹತ್ತಿರವೂ ಹಾಗೇ ಹೇಳಿದ್ದರು" ಎಂದೆ.

"ಗೊತ್ತು" ಎಂದರು ಅಂಕಲ್. "ಎಲ್ಲರ ಹತ್ತಿರ ಹೇಳ್ತಿದ್ಲು. ನಾನು ಅಲ್ಲೇ ಕೂತು ಕೇಳ್ತಿದ್ದೆ."